ಭೀಮೆ ಇಳಿದ ಮೇಲೆ ಉಳಿದ ಲೆಕ್ಕ

ಭಾಗ 1: ಆ ರೀಲ್

ದೋಸ್ತರೇ, ಸೆಪ್ಟೆಂಬರ್ ಕೊನೇ ವಾರ ನಮ್ಮ ಕ್ಲಾಸಿನ ಗ್ರೂಪಿಗೆ ಒಂದು ರೀಲ್ ಬಂದಿತ್ತು, ನೆನಪದಾ? ಡ್ರೋನ್‌ನಿಂದ ತೆಗೆದದ್ದು. ಅಫಜಲಪುರ ಕಡೆ ಭೀಮಾ ನದಿ ದಂಡೆ ಬಿಟ್ಟು ಹೊಲದ ತುಂಬ ಹರಡಿತ್ತು. ಹಿಂದೆ ಒಂದು ಸಿನಿಮಾ ಹಾಡು. ಕೆಳಗೆ ಬೆಂಕಿ ಎಮೋಜಿ, "ಮಸ್ತ್ ಅದ", "ಲೊಕೇಶನ್ ಯಾವುದು ಬ್ರೋ" ಅಂತ ಕಮೆಂಟು. ನಾನೂ ಒಂದು ಹಾರ್ಟ್ ಒತ್ತಿದೆ. ಆಮೇಲೆ ಸ್ಕ್ರೀನ್ ದೊಡ್ಡದು ಮಾಡಿ ನೋಡಿದೆ. ಎಡಗಡೆ ಮೂಲೆಯಲ್ಲಿ ನೀರಿನ ಮೇಲೆ ನಾಲ್ಕೈದು ತಗಡಿನ ಚಾವಣಿ ಕಾಣ್ತಿದ್ವು. ಅದು ನಮ್ಮ ಓಣಿ.

ರೀಲ್ ಹಾಕಿದವರ ಮೇಲೆ ಸಿಟ್ಟಿಲ್ಲ. ಮೇಲಿಂದ ನೋಡಿದ್ರೆ ನೆರೆ ಹಾಗೇ ಕಾಣ್ತದೆ: ಎಲ್ಲ ಕಡೆ ಒಂದೇ ಬಣ್ಣ, ಒಂದೇ ಮಟ್ಟ. ಟಿವಿಯಲ್ಲೂ ಅದನ್ನೇ ಹೇಳ್ತಾರೆ, "ಪ್ರಕೃತಿಯ ಮುಂದೆ ಎಲ್ಲರೂ ಸಮಾನರು." ನಾನು ಇದನ್ನ ಒಪ್ಪಲ್ಲ. ಯಾಕೆ ಒಪ್ಪಲ್ಲ ಅನ್ನೋದನ್ನ ಒಂಬತ್ತು ಭಾಗದಲ್ಲಿ ಬರೀತಿದ್ದೀನಿ. ಉದ್ದ ಆಯ್ತು ಅಂತ ಬೈಬೇಡಿ, ಸೇವ್ ಮಾಡ್ಕೊಂಡು ಬಸ್ಸಿನಲ್ಲಿ ಓದಿ.

ನಾನು ಹೇಳೋದು ಇಷ್ಟೇ. ನೀರು ಬರುವಾಗ ಜಾತಿ ಕೇಳಲ್ಲ, ನಿಜ. ಆದರೆ ನೀರು ಮೊದಲು ಯಾರ ಮನೆಗೆ ನುಗ್ತದೆ, ಇಳಿದ ಮೇಲೆ ಯಾರ ಖಾತೆಗೆ ಎಷ್ಟು ದುಡ್ಡು ಬರ್ತದೆ, ಯಾರು ಊರಲ್ಲೇ ಉಳೀತಾರೆ, ಯಾರು ಗುಳೆ ಹೋಗ್ತಾರೆ — ಇದನ್ನೆಲ್ಲ ನದಿ ತೀರ್ಮಾನ ಮಾಡಲ್ಲ. ನಾವು ಮಾಡ್ತೀವಿ. ನಮ್ಮ ಕಾಗದ, ನಮ್ಮ ಓಣಿ, ನಮ್ಮ ಲೆಕ್ಕ ಮಾಡ್ತದೆ.

ಭಾಗ 2: ನೀರು ಎಲ್ಲಿಂದ ಬಂತು, ಯಾರ ಮನೆಗೆ ಬಂತು

ಮೊದಲು ನದಿ ಬಗ್ಗೆ ಎರಡು ಮಾತು. ಭೀಮಾ ಹುಟ್ಟೋದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಸೊಲ್ಲಾಪುರ ಜಿಲ್ಲೆಯ ಉಜನಿ ಆಣೆಕಟ್ಟು ದಾಟಿ, ಸೀನಾ ನದಿಯನ್ನ ಕೂಡಿಸ್ಕೊಂಡು ನಮ್ಮ ಕಡೆ ಬರ್ತದೆ. ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜು, ಘತ್ತರಗಿ, ದೇವಲ ಗಾಣಗಾಪುರ, ಮುಂದೆ ಜೇವರ್ಗಿ ತಾಲೂಕಿನ ದಂಡೆಯ ಹಳ್ಳಿಗಳು. ಆಳಂದದಲ್ಲಿ ಹರಿಯೋ ಅಮರ್ಜಾ ಗಾಣಗಾಪುರದ ಹತ್ತಿರ ಭೀಮೆಗೆ ಸೇರ್ತದೆ. ಅಂದ್ರೆ ಮೂರೂ ತಾಲೂಕಿಗೆ ಒಂದೇ ನೀರಿನ ನಂಟು.

ನಮ್ಮಲ್ಲಿ ಒಂದು ಹನಿ ಮಳೆ ಬೀಳದಿದ್ರೂ ಇಲ್ಲಿ ನೆರೆ ಬರಬಹುದು. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದಲ್ಲಿ ಸುರಿದ ಮಳೆಗೆ ಆಣೆಕಟ್ಟಿನ ಗೇಟು ತೆಗೆದಾಗ ದಂಡೆಯ ಹಳ್ಳಿಗಳು ಮುಳುಗಿದವು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ. ಈ ಸಲ ಆಗಸ್ಟ್‌ನಿಂದಲೇ ಇಲ್ಲಿಯೂ ಮಳೆ ಬಿಟ್ಟಿರಲಿಲ್ಲ. ಮೇಲಿನ ನೀರು, ಇಲ್ಲಿನ ನೀರು ಎರಡೂ ಕೂಡಿದ್ವು.

ಈಗ ನಿಮ್ಮ ಊರನ್ನ ನೆನಪು ಮಾಡ್ಕೊಳ್ಳಿ. ಅಗಸಿ ಎಲ್ಲಿದೆ? ಗುಡಿ ಎಲ್ಲಿದೆ? ಗೌಡರ ವಾಡೆ ಎಲ್ಲಿದೆ? ಸಾಮಾನ್ಯವಾಗಿ ದಿನ್ನಿ ಮೇಲೆ. ಹಳ್ಳದ ಕಡೆ, ಇಳಿಜಾರಿಗೆ, ಊರಿನ ಬಚ್ಚಲ ನೀರು ಹರಿದು ಹೋಗೋ ದಿಕ್ಕಿಗೆ ಯಾರ ಕೇರಿ ಇದೆ? ಎಲ್ಲ ಊರಲ್ಲೂ ಹೀಗೇ ಅಂತ ನಾನು ಹೇಳ್ತಿಲ್ಲ. ಆದರೆ ನಮ್ಮೂರಲ್ಲಿ ಹೀಗಿದೆ, ನಾನು ನೋಡಿದ ಊರುಗಳಲ್ಲೂ ಹೀಗೇ ಇದೆ. ನಿಮ್ಮದು ಬೇರೆ ಇದ್ರೆ ಕಮೆಂಟಿನಲ್ಲಿ ಹೇಳಿ, ನನಗೆ ಖುಷಿ ಆಗ್ತದೆ.

ತಗ್ಗಿನಲ್ಲಿ ಮನೆ ಕಟ್ಟಿದ್ದು ನಮ್ಮ ಮುತ್ಯಾನ ದಡ್ಡತನ ಅಲ್ಲ. ಅವನಿಗೆ ಬೇರೆ ಜಾಗ ಕೊಡಲಿಲ್ಲ, ಅಷ್ಟೇ. ನೂರು ವರ್ಷದ ಹಿಂದೆ ಯಾರೋ ಕೈ ತೋರಿಸಿ "ನೀವು ಅಲ್ಲಿರ್ರಿ" ಅಂದಿದ್ರು. ಅವರು ತೋರಿಸಿದ ಜಾಗಕ್ಕೇ ನೀರು ಇವತ್ತಿಗೂ ಮೊದಲು ಬರ್ತದೆ.

ಭಾಗ 3: ಎಕರೆ ಇದ್ದವರಿಗೆ ಎಕರೆ ಲೆಕ್ಕ

2025ರ ಸೆಪ್ಟೆಂಬರ್ 30ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ನಮ್ಮ ಭಾಗದಲ್ಲಿ ವೈಮಾನಿಕ ಸಮೀಕ್ಷೆ ಮಾಡಿ ಬೆಳೆ ಪರಿಹಾರ ಹೆಚ್ಚಿಸಿದ್ರು. ಕೇಂದ್ರದ ಮಾನದಂಡದ ಪ್ರಕಾರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಅದರ ಮೇಲೆ ರಾಜ್ಯದ್ದು ಇನ್ನೂ 8,500. ಒಟ್ಟು 17,000. ನೀರಾವರಿ ಬೆಳೆಗೆ 25,500, ಬಹುವಾರ್ಷಿಕ ಬೆಳೆಗೆ 31,000. ಮಿತಿ 2 ಹೆಕ್ಟೇರು. ಶೇಕಡಾ 33ಕ್ಕಿಂತ ಹೆಚ್ಚು ಬೆಳೆ ಹಾಳಾಗಿರಬೇಕು.

ಇದು ಸಣ್ಣ ರೈತನಿಗೂ ಸಾಲಲ್ಲ, ಮೊದಲೇ ಹೇಳ್ತೀನಿ. ಒಂದು ಹೆಕ್ಟೇರು ಅಂದ್ರೆ ಸುಮಾರು ಎರಡೂವರೆ ಎಕರೆ. ಎಕರೆಗೆ ಬಿದ್ದದ್ದು 7 ಸಾವಿರದ ಒಳಗೆ. ತೊಗರಿ ಬೀಜ, ಗೊಬ್ಬರ, ಎಣ್ಣೆ ಹೊಡೆಯೋದು, ಎಡೆ ಹೊಡೆಯೋದು, ಕಳೆ ತೆಗೆಸೋದು, ಇದರ ಖರ್ಚು ಬಲ್ಲವರಿಗೆ ಗೊತ್ತು. ಕಪ್ಪು ಮಣ್ಣಿನಲ್ಲಿ ನೀರು ನಿಂತರೆ ತೊಗರಿಗೆ ನೆಟೆ ರೋಗ ಬೀಳ್ತದೆ, ನಿಂತ ಗಿಡ ನಿಂತಲ್ಲೇ ಒಣಗ್ತದೆ. ಐದೆಕರೆ ರೈತ ಕಣ್ಣೀರು ಹಾಕಿದ್ದು ಸುಳ್ಳಲ್ಲ.

ಆದರೆ ಈ ಲೆಕ್ಕದ ಮೊದಲ ಸಾಲು ನೋಡ್ರಿ: "ಹೆಕ್ಟೇರಿಗೆ". ಹೆಕ್ಟೇರೇ ಇಲ್ಲದವರಿಗೆ? ಸೊನ್ನೆಗೆ ಏನು ಗುಣಿಸಿದ್ರೂ ಸೊನ್ನೆ. ದರ ಹೆಚ್ಚು ಮಾಡಿದ್ರೂ ಸೊನ್ನೆ, ಎರಡು ಪಟ್ಟು ಮಾಡಿದ್ರೂ ಸೊನ್ನೆ.

ಈ ಸೊನ್ನೆ ಯಾರ ಮನೆಯಲ್ಲಿ ಜಾಸ್ತಿ ಇದೆ? 2011ರ ಜನಗಣತಿ ಪ್ರಕಾರ ಕಲಬುರಗಿ ಜಿಲ್ಲೆಯಲ್ಲಿ ನಾಲ್ವರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. ದೇಶದ ಲೆಕ್ಕ ತಗೊಂಡ್ರೆ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪಾಲು ಶೇ. 16.6. ಸಾಗುವಳಿ ಭೂಮಿಯಲ್ಲಿ ಅವರ ಕೈಲಿರೋದು, 2015-16ರ ಕೃಷಿ ಗಣತಿ ಪ್ರಕಾರ, ಸುಮಾರು ಶೇ. 9 ಮಾತ್ರ. ಹೊಲ ಇದ್ರೂ ಸಣ್ಣ ತುಂಡು.

ಹೀಗಾಗಿ "ಹೆಕ್ಟೇರಿಗೆ ಇಷ್ಟು" ಅನ್ನೋ ಸಾಲಿನಲ್ಲಿ ಜಾತಿ ಅನ್ನೋ ಪದ ಎಲ್ಲೂ ಇಲ್ಲ. ಪದ ಬೇಕಾಗೂ ಇಲ್ಲ. ಜಾತಿ ಆಗಲೇ ಪಹಣಿ ಒಳಗೆ ಕೂತಿದೆ.

ಭಾಗ 4: ಅಪ್ಪನ ನಾಲ್ಕೆಕರೆ, ಅಪ್ಪನದಲ್ಲ

ಇದು ನಮ್ಮ ಮನೆ ಕತೆ. ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಅಪ್ಪನನ್ನ ಕೇಳಿದೆ. "ಹೆಸರು ಹಾಕಬ್ಯಾಡ, ಉಳಿದದ್ದು ಖರೇ ಅದ, ಬರಿ" ಅಂದ.

2020ರಲ್ಲಿ ಅಪ್ಪ ನಾಲ್ಕೆಕರೆ ಹೊಲ ಪಾಲಿಗೆ ಮಾಡಿದ್ದ. ಬೀಜ, ಗೊಬ್ಬರದ ಖರ್ಚು ಅರ್ಧ ನಮ್ಮದು, ದುಡಿಮೆ ಪೂರ್ತಿ ನಮ್ಮದು. ಬೆಳೆ ಬಂದ್ರೆ ಅರ್ಧ ಅರ್ಧ. ನಮ್ಮ ಪಾಲಿನ ಖರ್ಚಿಗೆ ಬಡ್ಡಿ ಸಾಲ ಮಾಡಿದ್ದ. ಅಕ್ಟೋಬರ್‌ನಲ್ಲಿ ನೀರು ಬಂತು. ಐದು ದಿನ ನಿಂತಿತು. ತೊಗರಿ ಹೋಯ್ತು.

ಸಮೀಕ್ಷೆಗೆ ಬಂದವರು ಹೊಲ ನೋಡಿದ್ರು, ಫೋಟೋ ಹೊಡೆದ್ರು. ಹೊಲದ ಬದುವಿನ ಮೇಲೆ ನಿಂತು ದಾರಿ ತೋರಿಸಿದವನು ಅಪ್ಪ. ಎಲ್ಲಿವರೆಗೆ ನೀರು ಬಂದಿತ್ತು ಅಂತ ಕೈ ಮಾಡಿ ಹೇಳಿದವನು ಅಪ್ಪ. ದುಡ್ಡು ಬಂದದ್ದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಅವರು ಊರು ಬಿಟ್ಟು ಶಹರದಲ್ಲಿದ್ರು.

ಅವರು ಕೆಟ್ಟವರಲ್ಲ. ದೀಪಾವಳಿಗೆ ಊರಿಗೆ ಬಂದಾಗ ಅಪ್ಪನನ್ನ ಕರೆದು ಮೂರು ಸಾವಿರ ಕೈಗಿಟ್ರು. ಅಪ್ಪ ಎರಡೂ ಕೈ ಮುಗಿದು ತಗೊಂಡ. ನನಗೆ ಅವತ್ತು ಏನೂ ಅನ್ನಿಸಿರಲಿಲ್ಲ. ಈಗ ಅನ್ನಿಸ್ತದೆ. ಹಕ್ಕಿನಿಂದ ಬರಬೇಕಾದ್ದು ಉಪಕಾರವಾಗಿ ಬಂತು. ಉಪಕಾರ ಅಂದ್ಮೇಲೆ ಮುಂದಿನ ವರ್ಷ ಪಾಲು ಕಡಿಮೆ ಹೇಳಿದ್ರೂ ಬಾಯಿ ತೆಗೆಯೋ ಹಾಗಿಲ್ಲ.

"ಪಾಲಿನ ಕರಾರು ಬರೆಸಿಕೊಳ್ಳಬೇಕಿತ್ತು" ಅಂತೀರಿ. ಇಲ್ಲೇ ಇರೋದು ತೊಡಕು. 1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಗೇಣಿ ಪದ್ಧತಿ ರದ್ದಾಗಿದೆ. ದೇವರಾಜ ಅರಸು ಕಾಲದ ಭೂ ಸುಧಾರಣೆ, "ಉಳುವವನೇ ಹೊಲದೊಡೆಯ". ಅದರಿಂದ ರಾಜ್ಯದಲ್ಲಿ ಲಕ್ಷಾಂತರ ಗೇಣಿದಾರರಿಗೆ ಭೂಮಿ ಸಿಕ್ತು. ಅದು ದೊಡ್ಡ ಕೆಲಸ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಆಗ ಹೆಸರು ದಾಖಲಾಗದೆ ಉಳಿದವರು, ಬರೇ ಕೂಲಿಗಳಾಗಿದ್ದವರು, ಮುಂದೆಯೂ ಬೇರೆಯವರ ಹೊಲವನ್ನೇ ಉತ್ತರು. ಕಾನೂನಿನ ಪ್ರಕಾರ ಹೊಲ ಗೇಣಿಗೆ ಕೊಡೋದೇ ನಿಷಿದ್ಧ. ನಿಷಿದ್ಧವಾದ್ದಕ್ಕೆ ಕಾಗದ ಯಾರು ಬರೆದು ಕೊಡ್ತಾರೆ? ಹೀಗಾಗಿ ಪಾಲಿಗೆ ಮಾಡೋನು ಹೊಲದಲ್ಲಿ ಇದ್ದಾನೆ, ದಾಖಲೆಯಲ್ಲಿ ಇಲ್ಲ.

ಈಗ ಪರಿಹಾರ ನೇರ ಖಾತೆಗೆ ಬರ್ತದೆ: ಪಹಣಿ, ಆಧಾರ್, ಫ್ರೂಟ್ಸ್ ಐಡಿ ಎಲ್ಲ ಜೋಡಣೆ ಆಗಿರಬೇಕು. ನಡುವೆ ತಿನ್ನೋರು ಕಡಿಮೆ ಆದ್ರು, ಒಳ್ಳೇದು. ಆದರೆ ಕಂಪ್ಯೂಟರಿಗೆ ಕಾಣೋದು ಹೆಸರು ಮಾತ್ರ. ಬೆವರು ಕಾಣಲ್ಲ.

ಭಾಗ 5: ಗೋಡೆಗೂ ದರ್ಜೆ ಇದೆ

ಆಳಂದದ ದೋಸ್ತರು ಕೇಳಿದ್ರು, "ನಮ್ಮಲ್ಲಿ ಭೀಮಾ ಇಲ್ಲ, ನಮ್ಮ ಕತೆ ಯಾಕ ಬರೀತಿ?" ಬರೀಲೇಬೇಕು. ನಿಮ್ಮಲ್ಲಿ ನೀರು ನದಿಯಿಂದ ಬರಲ್ಲ, ಮಾಳಿಗೆಯಿಂದ ಬರ್ತದೆ. ಮಣ್ಣಿನ ಮಾಳಿಗೆ, ಮಣ್ಣಿನ ಗೋಡೆ. ಒಂದು ವಾರ ಬಿಡದೆ ಜಿಟಿಜಿಟಿ ಮಳೆ ಹಿಡಿದ್ರೆ ಗೋಡೆ ನೀರು ಕುಡಿದು ಉಬ್ಬಿ, ಮಳೆ ನಿಂತು ಬಿಸಿಲು ಬಿದ್ದ ದಿನ ಕುಸೀತದೆ. ರಾತ್ರಿ ಮಲಗಿದಾಗ ಬಿದ್ರೆ ಜೀವಾನೇ ಹೋಗ್ತದೆ.

ಕೇಂದ್ರದ 2022-26ರ ಮಾನದಂಡ ಓದಿದೆ. ಬಯಲು ಸೀಮೆಯಲ್ಲಿ ಮನೆ ಪೂರ್ತಿ ಬಿದ್ದರೆ 1,20,000 ರೂಪಾಯಿ. ಭಾಗಶಃ, ಅಂದ್ರೆ ಕನಿಷ್ಠ ಶೇ. 15ರಷ್ಟು ಹಾನಿಯಾದರೆ, ಪಕ್ಕಾ ಮನೆಗೆ 6,500. ಕಚ್ಚಾ ಮನೆಗೆ 4,000.

ಇನ್ನೊಮ್ಮೆ ಓದಿ. ಸಿಮೆಂಟಿನ ಮನೆ ಬಿರುಕು ಬಿಟ್ಟರೆ 6,500, ಮಣ್ಣಿನ ಮನೆ ಗೋಡೆ ಬಿದ್ದರೆ 4,000. ಕಾರಣ ಕೇಳಿದ್ರೆ, ಮಣ್ಣಿನ ಮನೆ ಬೆಲೆ ಕಡಿಮೆ ಅಂತಾರೆ. ಬೆಲೆ ಕಡಿಮೆ, ಸರಿ. ಆದರೆ ಸಿಮೆಂಟಿನ ಮನೆ ಬಿರುಕು ಬಿಟ್ಟಾಗ ಒಳಗೆ ಇನ್ನೂ ಮಲಗಬಹುದು. ಮಣ್ಣಿನ ಮನೆಯ ಒಂದು ಗೋಡೆ ಬಿದ್ರೆ ಉಳಿದ ಮೂರು ಗೋಡೆ ನಂಬಿ ಯಾರು ಮಲಗ್ತಾರೆ? ಕಾಗದದಲ್ಲಿ "ಭಾಗಶಃ", ಬದುಕಿನಲ್ಲಿ ಪೂರ್ತಿ. 1,20,000ಕ್ಕೂ 4,000ಕ್ಕೂ ನಡುವಿನ ಅಂತರ ಒಬ್ಬ ಅಧಿಕಾರಿಯ ಅರ್ಧ ಗಂಟೆಯ ನೋಟದಲ್ಲಿ ತೀರ್ಮಾನ ಆಗ್ತದೆ. ಆ ಅರ್ಧ ಗಂಟೆಯಲ್ಲಿ ಯಾರ ಮನೆ ಮುಂದೆ ಪಂಚಾಯ್ತಿ ಸದಸ್ಯರು ನಿಂತು ಮಾತಾಡ್ತಾರೆ, ಯಾರ ಮನೆ ಮುಂದೆ ಒಬ್ಬ ಮುದುಕಿ ಒಬ್ಬಳೇ ನಿಂತಿರ್ತಾಳೆ?

ತಾಂಡಾಗಳ ಕತೆ ಇನ್ನೂ ಬೇರೆ. ತಲೆಮಾರಿನಿಂದ ವಾಸ ಇದ್ರೂ ಎಷ್ಟೋ ಮನೆಗೆ ಹಕ್ಕುಪತ್ರ ಇರಲಿಲ್ಲ. 2023ರ ಜನವರಿ 19ಕ್ಕೆ ನಮ್ಮ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಬಂದು 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ಕೊಡೋ ಕಾರ್ಯಕ್ರಮ ಆಯ್ತು. ಸಂಖ್ಯೆ ದೊಡ್ಡದು ಅಂತ ಚಪ್ಪಾಳೆ ಬಿತ್ತು. ನನಗೆ ಅದರ ಇನ್ನೊಂದು ಅರ್ಥವೂ ಕಾಣ್ತದೆ: ಅಷ್ಟು ಕುಟುಂಬ ಅಲ್ಲಿವರೆಗೆ ಕಾಗದ ಇಲ್ಲದ ಮನೆಯಲ್ಲಿ ಮಳೆಗಾಲ ಕಳೆದಿದ್ವು.

ಭಾಗ 6: "ನೀ ಕುಂದ್ರವ್ವ, ನಾವು ಮಾಡ್ತೀವಿ"

2020ರಲ್ಲಿ ಕೊರೋನಾ ಅಂತ ಶಾಲೆ ಬಂದ್ ಇತ್ತು. ನಾನು ಒಂಬತ್ತನೇ ಕ್ಲಾಸು. ಏಳು ತಿಂಗಳಾದ ಮೇಲೆ ಶಾಲೆಯೊಳಗೆ ಕಾಲಿಟ್ಟದ್ದು ಪಾಠಕ್ಕಲ್ಲ, ಮಲಗೋದಕ್ಕೆ. ಅದೇ ಕಾಳಜಿ ಕೇಂದ್ರ ಆಗಿತ್ತು.

ಯಾರೂ ಯಾರಿಗೂ ಜಾತಿ ಎತ್ತಿ ಬೈಯಲಿಲ್ಲ, ಒಬ್ಬರೂ ಇಲ್ಲ. ಆದರೂ ಮೊದಲ ರಾತ್ರಿ ಕಳೆಯೋದರೊಳಗೆ ಒಂದು ಕೋಣೆ "ಅವರದು", ಇನ್ನೊಂದು ಕೋಣೆ "ನಮ್ಮದು" ಆಗಿತ್ತು. ಊರಿನ ನಕ್ಷೆಯನ್ನ ಹಾಗೇ ಎತ್ತಿ ತಂದು ಶಾಲೆಯೊಳಗೆ ಇಟ್ಟಂಗಿತ್ತು. ಮರುದಿನ ಬೆಳಿಗ್ಗೆ ನಮ್ಮ ಕಾಕಿ ಉಳ್ಳಾಗಡ್ಡಿ ಹೆಚ್ಚೋಕೆ ಅಂತ ಅಡುಗೆ ಕಡೆ ಹೋದ್ಳು. ಒಬ್ಬರು ಭಾಳ ಪ್ರೀತಿಯಿಂದಲೇ ಅಂದ್ರು, "ನೀ ಕುಂದ್ರವ್ವ, ನಾವು ಮಾಡ್ತೀವಿ." ಕಾಕಿ ಬಂದು ಕೂತಳು. ಎರಡನೇ ದಿನ ಆಕೆ ಎದ್ದು ಹೋಗಲಿಲ್ಲ.

ಇದನ್ನ ಕಂಪ್ಲೇಂಟ್ ಮಾಡೋದು ಹೇಗೆ? ಏನಂತ ಬರೆಯೋದು? "ನನಗೆ ಕೂರಲು ಹೇಳಿದರು" ಅಂತನಾ? ಬೈದರೆ ಸಾಕ್ಷಿ ಇರ್ತದೆ. ಮೆತ್ತಗೆ ದೂರ ಇಟ್ಟರೆ ಸಾಕ್ಷಿ ಇರಲ್ಲ.

ಕಾನೂನು ಇಲ್ಲ ಅಂತ ತಿಳೀಬೇಡಿ. ವಿಪತ್ತು ನಿರ್ವಹಣಾ ಕಾಯ್ದೆ 2005, ಕಲಂ 61. ಪರಿಹಾರ ಕೊಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮದ ಆಧಾರದಲ್ಲಿ ತಾರತಮ್ಯ ಮಾಡಬಾರದು ಅಂತ ಅದು ನೇರ ಹೇಳ್ತದೆ. ಹೀಗೆ ನಡೆಯುತ್ತೆ ಅಂತ ಕಾನೂನು ಬರೆದವರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ರೆ ಆ ಸಾಲು ಬರೀತಿರಲಿಲ್ಲ. ಅದಕ್ಕೂ ಒಂದು ವರ್ಷ ಮುಂಚೆ, 2004ರ ಡಿಸೆಂಬರ್‌ನಲ್ಲಿ, ಸುನಾಮಿ ಬಂದಿತ್ತು. ತಮಿಳುನಾಡಿನ ನಾಗಪಟ್ಟಿಣಂ ಕಡೆ ಪರಿಹಾರ ಶಿಬಿರಗಳಲ್ಲಿ ದಲಿತರನ್ನ ದೂರ ಇಟ್ಟದ್ದು, ನೀರು ಮುಟ್ಟಗೊಡದೇ ಇದ್ದದ್ದು ಆಗ ಪತ್ರಿಕೆಗಳಲ್ಲೇ ಬಂದಿತ್ತು. ಕಡಲೇ ಎದ್ದು ಬಂದರೂ ಗೆರೆ ಅಳಿಸಿರಲಿಲ್ಲ.

ಭಾಗ 7: ಕೂಲಿ ದಿನಗಳ ಲೆಕ್ಕ ಯಾರು ಇಡ್ತಾರೆ

ಈ ಸೆಪ್ಟೆಂಬರ್‌ನಲ್ಲಿ ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ಮೇಲೆ ಸಂಚಾರ ನಿಂತಾಗ ಜೇವರ್ಗಿ ಕಡೆಯ ನಮ್ಮ ಕ್ಲಾಸ್‌ಮೇಟ್‌ಗಳು ಕಾಲೇಜಿಗೆ ಬರಲಿಲ್ಲ. ನಮಗೆ ಹಾಜರಿ ಹೋಯ್ತು ಅನ್ನೋ ಚಿಂತೆ. ಅದೇ ಬಸ್ಸಿಗೆ ಕಲಬುರಗಿಗೆ ಗೌಂಡಿ ಕೆಲಸಕ್ಕೆ ಬರೋರು ಇದ್ದಾರಲ್ಲ, ಅವರಿಗೆ ಅವತ್ತಿನ ಒಲೆಯದೇ ಚಿಂತೆ. ಸಂಬಳದವರಿಗೆ ರಜೆ, ದಿನಗೂಲಿಯವರಿಗೆ ಉಪವಾಸ.

ನಮ್ಮ ಅವ್ವನ ಲೆಕ್ಕ ಹೇಳ್ತೀನಿ. ಕಳೆ ತೆಗೆಯೋಕೆ ಹೋದ್ರೆ ದಿನಕ್ಕೆ 300 ರೂಪಾಯಿ. ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಹೊಲ ಕೆಸರಾಗಿ ಕಮ್ಮಿ ಅಂದ್ರೂ 40 ದಿನ ಕೆಲಸ ಸಿಗಲಿಲ್ಲ. 12,000 ಆಯ್ತು. ಮುಂದೆ ಹತ್ತಿ ಬಿಡಿಸೋದು, ತೊಗರಿ ರಾಶಿ ಇರ್ತಿತ್ತು, ಬೆಳೆನೇ ಹೋದ್ಮೇಲೆ ಅದೂ ಇಲ್ಲ. ಇದು ಯಾವ ಸಮೀಕ್ಷೆಯಲ್ಲೂ ಬರಲ್ಲ. ಕೆಸರಿನಲ್ಲಿ ಬಿದ್ದ ತೊಗರಿ ಫೋಟೋಕ್ಕೆ ಸಿಗ್ತದೆ, ಸಿಗದೇ ಹೋದ ಕೂಲಿ ಯಾವ ಫೋಟೋಕ್ಕೂ ಸಿಗಲ್ಲ.

ಕೂಲಿ ಇಲ್ಲ ಅಂದ್ರೆ ಸಾಲ. ಸಾಲ ಅಂದ್ರೆ ಗುಳೆ. ಪುಣೆ, ಮುಂಬೈ, ಬೆಂಗಳೂರು, ಕಬ್ಬು ಕಡಿಯೋಕೆ ಮಹಾರಾಷ್ಟ್ರ. 2020ರ ನೆರೆ ಮುಗಿದ ಮೇಲೆ ನಮ್ಮ ಓಣಿಯಿಂದ ಎಷ್ಟೋ ಮನೆಗೆ ಬೀಗ ಬಿತ್ತು. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂರ್ತಿದ್ದ ಒಬ್ಬಳು, ಲೆಕ್ಕದಲ್ಲಿ ನನಗಿಂತ ಜಾಣೆ, ಅವ್ವ-ಅಪ್ಪನ ಜೊತೆ ಹೋದ್ಳು. "ಸಾಲಿ ಸುರು ಆದ್ರ ಫೋನ್ ಮಾಡು" ಅಂದಿದ್ಳು. ಶಾಲೆ ಸುರು ಆಯ್ತು, ನಾನು ಫೋನ್ ಮಾಡಿದೆ, ನಂಬರ್ ಬೇರೆ ಯಾರಿಗೋ ಹೋಗಿತ್ತು. ಈಗ ಆಕೆಗೆ ಎರಡು ಮಕ್ಕಳು ಅಂತ ಕೇಳಿದೆ.

ನೀವು ನನ್ನನ್ನ "ಟಾಪರ್" ಅಂತೀರಲ್ಲ, ಆ ಮಾತು ಬಂದಾಗಲೆಲ್ಲ ನನಗೆ ಆ ಬೆಂಚು ನೆನಪಾಗ್ತದೆ.

ಭಾಗ 8: ಅಮೆರಿಕದಲ್ಲೂ ಇದೇ ಲೆಕ್ಕ

ಇದು ಬರೇ ನಮ್ಮ ಹಳ್ಳಿ ರೋಗ ಅಂತ ತಿಳೀಬೇಡಿ. 2005ರ ಆಗಸ್ಟ್ 29ಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್ ಶಹರಕ್ಕೆ ಕತ್ರಿನಾ ಚಂಡಮಾರುತ ಅಪ್ಪಳಿಸಿತು. ಒಡ್ಡು ಒಡೆದು ಊರಿಗೆ ಊರೇ ಮುಳುಗಿತು. ಊರು ಬಿಡಿ ಅಂತ ಆದೇಶ ಬಂದಿತ್ತು; ಕಾರು ಇದ್ದವರು ಹೋದ್ರು, ಇಲ್ಲದವರು ಉಳಿದ್ರು. ಉಳಿದವರಲ್ಲಿ ಬಹಳ ಜನ ಬಡ ಕಪ್ಪು ಜನಾಂಗದವರು.

ನನಗೆ ಮುಖ್ಯ ಅನ್ನಿಸಿದ್ದು ಆಮೇಲಿನದು. ಮನೆ ಮತ್ತೆ ಕಟ್ಟಿಕೊಳ್ಳೋಕೆ "ರೋಡ್ ಹೋಮ್" ಅಂತ ಯೋಜನೆ ಮಾಡಿದ್ರು. ನೆರೆಗೆ ಮುಂಚೆ ಆ ಮನೆಯ ಮಾರುಕಟ್ಟೆ ಬೆಲೆ ಎಷ್ಟಿತ್ತು, ಕಟ್ಟೋಕೆ ಎಷ್ಟು ಖರ್ಚಾಗ್ತದೆ, ಎರಡರಲ್ಲಿ ಕಡಿಮೆ ಇರೋದನ್ನ ಆಧಾರ ಮಾಡಿಕೊಂಡು ದುಡ್ಡು ಕೊಟ್ರು. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಕಪ್ಪು ಜನರ ಬಡಾವಣೆಯಲ್ಲಿ ಅದೇ ಅಳತೆಯ, ಅದೇ ಥರದ ಮನೆಗೂ ಮಾರುಕಟ್ಟೆ ಬೆಲೆ ಮೊದಲಿಂದಲೇ ಕಡಿಮೆ. ಇಟ್ಟಿಗೆ ಬೆಲೆ ಎಲ್ಲರಿಗೂ ಒಂದೇ, ಕೈಗೆ ಬಂದ ದುಡ್ಡು ಮಾತ್ರ ಬೇರೆ. ಅವರು 2008ರಲ್ಲಿ ಕೋರ್ಟಿಗೆ ಹೋದ್ರು. 2011ರಲ್ಲಿ 6.2 ಕೋಟಿ ಡಾಲರಿಗೆ ರಾಜಿ ಆಯ್ತು.

ಅಲ್ಲಿ ಚರ್ಮದ ಬಣ್ಣ, ಇಲ್ಲಿ ಜಾತಿ. ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಲೆಕ್ಕದ ಜಾಡು ಮಾತ್ರ ಒಂದೇ: ಮೊದಲು ಕಡಿಮೆ ಇದ್ದವನಿಗೆ, ಕಳ್ಕೊಂಡ ಮೇಲೂ ಕಡಿಮೆ ಕೊಡೋದು. ಅಲ್ಲಿ ಮನೆ ಬೆಲೆ, ಇಲ್ಲಿ ಹೆಕ್ಟೇರು ಮತ್ತು ಕಚ್ಚಾ-ಪಕ್ಕಾ. ಸೂತ್ರ ಬರೆದವರ ಮನಸ್ಸಿನಲ್ಲಿ ದ್ವೇಷ ಇರಬೇಕು ಅಂತೇನಿಲ್ಲ. ಹಳೇ ಅನ್ಯಾಯದ ಮೇಲೆ ಹೊಸ ಸೂತ್ರ ಕೂರಿಸಿದ್ರೆ ಸಾಕು, ಅದು ತಾನೇ ಕೆಲಸ ಮಾಡ್ತದೆ.

ಭಾಗ 9: ನಿಮ್ಮ ಪ್ರಶ್ನೆ, ನನ್ನ ಬೇಡಿಕೆ

ಹಿಂದಿನ ಭಾಗಗಳಿಗೆ ಬಂದ ಮೆಸೇಜಿಗೆ ಇಲ್ಲೇ ಉತ್ತರ ಹೇಳ್ತೀನಿ.

"ರೈತರು ಸಾಯ್ತಿದ್ದಾರೆ, ನೀನು ಜಾತಿ ತರ್ತೀಯಾ?" ರೈತನಿಗೆ ಬಂದದ್ದನ್ನ ಕಿತ್ತುಕೊಳ್ಳಿ ಅಂತ ನಾನು ಹೇಳಿಲ್ಲ, ಅವನಿಗೂ ಸಾಲಲ್ಲ ಅಂತ ಮೂರನೇ ಭಾಗದಲ್ಲೇ ಬರೆದಿದ್ದೀನಿ. ಪಾಲಿಗೆ ಮಾಡೋನೂ ರೈತನೇ, ಕಳೆ ತೆಗೆಯೋಳೂ ರೈತಳೇ ಅಂತ ಹೇಳ್ತಿದ್ದೀನಿ. ಅವರನ್ನ ಲೆಕ್ಕದಿಂದ ಬಿಟ್ಟವನು ನಾನಲ್ಲ.

"ನಾವು ಕಿಟ್ ಹಂಚಿದ್ವಲ್ಲ?" ಹಂಚಿದ್ರಿ. ಆ ಅಕ್ಕಿ ನಮ್ಮ ಮನೆಯಲ್ಲೂ ಬೆಂದಿದೆ, ನೆನೀತೀನಿ. ಆದರೆ ಕಿಟ್ ಒಂದು ವಾರಕ್ಕೆ. ಪಹಣಿಯಲ್ಲಿ ಹೆಸರಿಲ್ಲದ್ದು ಆಯುಷ್ಯಪೂರ್ತಿ.

"ಇದೆಲ್ಲ ಹೇಳಿ ಊರು ಒಡೀತೀ." ಇದಕ್ಕೆ ಸ್ವಲ್ಪ ಉದ್ದ ಉತ್ತರ. ನಾವೆಲ್ಲ ಬೆಂಗಳೂರಿನವರಿಗೆ ಏನು ಹೇಳ್ತೀವಿ? "ನಮ್ಮ ಭಾಗಕ್ಕೆ ಅನ್ಯಾಯ ಆಗಿದೆ" ಅಂತ. 2002ರಲ್ಲಿ ನಂಜುಂಡಪ್ಪ ಸಮಿತಿ ಆಳಂದ, ಅಫಜಲಪುರ, ಜೇವರ್ಗಿ ಮೂರನ್ನೂ ಅತ್ಯಂತ ಹಿಂದುಳಿದ ತಾಲೂಕು ಅಂತ ಬರೀತು. ಹೋರಾಟ ಮಾಡಿ 371(ಜೆ) ತಂದ್ವಿ. ಅದರ ಸರ್ಟಿಫಿಕೇಟ್ ಇಟ್ಟುಕೊಂಡೇ ನಮ್ಮಲ್ಲಿ ಎಷ್ಟೋ ಜನಕ್ಕೆ ಸೀಟು ಸಿಕ್ಕಿದೆ. "ಹಿಂದಿನಿಂದ ಕಡಿಮೆ ಸಿಕ್ಕವರಿಗೆ ಮುಂದೆ ಜಾಸ್ತಿ ಸಿಗಬೇಕು" ಅನ್ನೋ ಮಾತನ್ನ ರಾಜ್ಯಕ್ಕೆ ಕೇಳುವಾಗ ನಾವು ರಾಜ್ಯ ಒಡೀತಿದ್ವಾ? ಅದೇ ಮಾತನ್ನ ಊರೊಳಗೆ ಒಂದು ಓಣಿ ಕೇಳಿದ್ರೆ ಯಾಕೆ ಕಿವಿ ಮುಚ್ಕೋತೀವಿ?

ಈಗ ನನ್ನ ಬೇಡಿಕೆ.

ಒಂದು: ಬೆಳೆ ಹಾನಿ ಸಮೀಕ್ಷೆ ಮಾಡುವಾಗ ಹೊಲ ಯಾರದು ಅನ್ನೋದರ ಜೊತೆ ದುಡಿದವರು ಯಾರು ಅಂತಲೂ ಬರೀರಿ. ಬೇಕಾದ್ರೆ ಅದು ಮಾಲೀಕತ್ವಕ್ಕೆ ಸಾಕ್ಷಿ ಅಲ್ಲ, ಪರಿಹಾರಕ್ಕೆ ಮಾತ್ರ ಅಂತ ಕೆಳಗೆ ಒಂದು ಸಾಲು ಸೇರಿಸ್ರಿ. ಹೊಲದವರ ಹೆದರಿಕೆಯೂ ಹೋಗ್ತದೆ, ದುಡಿದವನ ಪಾಲೂ ಉಳೀತದೆ.

ಎರಡು: ಕೂಲಿ ಹೋದ ಮನೆಗಳಿಗೂ ಕೊಡ್ರಿ. ಜೀವನೋಪಾಯಕ್ಕೆ ದೊಡ್ಡ ಪೆಟ್ಟು ಬಿದ್ದ ಕುಟುಂಬಗಳಿಗೆ ದಿನದ ಲೆಕ್ಕದಲ್ಲಿ ನೆರವು ಕೊಡೋ ಸಾಲು ಕೇಂದ್ರದ ಮಾನದಂಡದಲ್ಲೇ ಇದೆ. ಹೊಸದಾಗಿ ಕಾನೂನು ಮಾಡೋದು ಬೇಕಿಲ್ಲ, ಇರೋ ಸಾಲನ್ನ ಬಳಸಬೇಕು. 2025ರ ನೆರೆ ವೇಳೆ ಉದ್ಯೋಗ ಖಾತ್ರಿಯಲ್ಲಿ ವಿಪತ್ತು ಘೋಷಣೆಯಾದ ಕಡೆ 100ರ ಮೇಲೆ ಇನ್ನೂ 50 ದಿನ ಕೊಡೋಕೆ ಅವಕಾಶ ಇತ್ತು. 2025-26ರಲ್ಲಿ ನಮ್ಮ ರಾಜ್ಯದ ಕೂಲಿ ದಿನಕ್ಕೆ 370 ಇತ್ತು. ಗುಳೆ ಹೋಗೋ ಮೊದಲೇ, ಊರಲ್ಲೇ, ಆ ಕೆಲಸ ಸಿಗಲಿ.

ಮೂರು: ಕಚ್ಚಾ ಮನೆ ಗೋಡೆ ಬಿದ್ದರೆ "ಇದರಲ್ಲಿ ಮಲಗಬಹುದಾ?" ಅನ್ನೋದೊಂದೇ ಪ್ರಶ್ನೆ ಕೇಳ್ರಿ. ಮಲಗೋಕೆ ಆಗದಿದ್ರೆ ಅದು ಪೂರ್ತಿ ಬಿದ್ದಂಗೆ.

ನಾಲ್ಕು, ಇದು ನಿಮಗೆ, ನನ್ನ ಕ್ಲಾಸಿನವರಿಗೆ. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಹೊಲ ಪಾಲಿಗೆ ಕೊಟ್ಟಿದ್ದೀರಿ. ತಪ್ಪಲ್ಲ. ಈ ಸಲ ಪರಿಹಾರದ ಮೆಸೇಜು ಮೊಬೈಲಿಗೆ ಬಂದಾಗ ನಿಮ್ಮ ಅಪ್ಪನಿಗೆ ಒಂದು ಮಾತು ಕೇಳಿ: "ಅಪ್ಪಾ, ಇದರಾಗ ಅವರ ಪಾಲು ಎಷ್ಟು?" ಕೈ ಎತ್ತಿ ಕೊಡೋ ದಾನ ಅಲ್ಲ, ಪಾಲು. ಬೆಳೆ ಬಂದಾಗ ಅರ್ಧ ಅರ್ಧ ಅಂತ ಮಾತಾಗಿತ್ತಲ್ಲ, ಬೆಳೆ ಹೋದಾಗಲೂ ಅದೇ ಮಾತು. ಇನ್ನು ನಿಮ್ಮ ಪಂಚಾಯ್ತಿ ಹಾನಿ ಪಟ್ಟಿ ಗೋಡೆಗೆ ಅಂಟಿಸಿದ್ರೆ ಹೋಗಿ ಓದಿ. ಓದೋಕೆ ಬರದವರಿಗೆ ಓದಿ ಹೇಳಿ. ಅಂಟಿಸದಿದ್ರೆ ಗ್ರಾಮಸಭೆಯಲ್ಲಿ ಕೇಳಿ. ಕಾಲೇಜು ಓದಿದ್ದಕ್ಕೆ ಇಷ್ಟಾದ್ರೂ ಆಗಲಿ.

ಕೊನೇ ಮಾತು. ಹೋದ ಭಾನುವಾರ ಊರಿಗೆ ಹೋಗಿದ್ದೆ. ನೀರು ಇಳಿದು ತಿಂಗಳಾಗಿದೆ. ನಮ್ಮ ಮನೆ ಗೋಡೆ ಮೇಲೆ ಮಣ್ಣಿನ ಗೆರೆ ಉಳಿದಿದೆ, ನನ್ನ ಎದೆ ಮಟ್ಟಕ್ಕೆ. ಅದರ ಕೆಳಗೆ ಮಸುಕಾಗಿ ಇನ್ನೊಂದು ಗೆರೆ ಇದೆ, 2020ರದ್ದು. ಅವ್ವ ಸುಣ್ಣ ಹಚ್ಚಬೇಕು ಅಂತಿದ್ಳು. "ಈಗ ಬ್ಯಾಡ ಅವ್ವ, ಸಮೀಕ್ಷೆಯವರು ಇನ್ನೂ ಬಂದಿಲ್ಲ" ಅಂದೆ.

ಅಪ್ಪ ಈ ವರ್ಷವೂ ಅದೇ ನಾಲ್ಕೆಕರೆ ಪಾಲಿಗೆ ಮಾಡಿದ್ದಾನೆ. ಹಿಂಗಾರಿಗೆ ಜೋಳ ಬಿತ್ತಬೇಕು ಅಂತ ಮಣ್ಣು ಕೈಲಿ ಹಿಡಿದು ಹದ ನೋಡ್ತಿದ್ದ. ಹೊಲ ಅವನದಲ್ಲ. ಹದ ಗೊತ್ತಿರೋದು ಅವನಿಗೇ.

ನಿಮ್ಮ ಊರಲ್ಲಿ ಏನಾಯ್ತು ಅಂತ ಕಮೆಂಟಿನಲ್ಲಿ ಬರೀರಿ. ಹೆಸರು ಬೇಡ, ಓಣಿ ಸಾಕು.

#ಭೀಮಾತೀರ #ಅಫಜಲಪುರ #ಆಳಂದ #ಜೇವರ್ಗಿ #ನೆರೆ2025 #ಪಾಲುಎಷ್ಟು